ಅನ್ನದಾನದ ಖಾತೆಗೂ ಭಯೋತ್ಪಾದನೆಗೂ ಏನು ಸಂಬಂಧ?

ದಾವಣಗೆರೆಯ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರಿಗೆ ಮಧ್ಯಾಹ್ನ ಅನ್ನ ಸಾರು ಬಡಿಸುವ ತಮ್ಮ ಸಣ್ಣ ಟ್ರಸ್ಟಿನ ಖಾತೆಗೆ ಬ್ಯಾಂಕಿನವರು ಮತ್ತೆ ಕೆವೈಸಿ ಕೇಳಿದ್ದಾರೆ, ಟ್ರಸ್ಟಿಗಳೆಲ್ಲರ ಆಧಾರ್, ಪ್ಯಾನ್ ತರಿಸಿದ್ದಾರೆ, ಸ್ವಯಂಸೇವಾ ಸಂಸ್ಥೆಗಳ ವಿವರ ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕೆಂದಿದ್ದಾರೆ. ಏಕೆಂದು ಕೇಳಿದರೆ, "ಭಯೋತ್ಪಾದನೆ ತಡೆಯೋ ರೂಲ್ಸು ಸರ್" ಎಂದರಂತೆ. ಅನ್ನ ಹಾಕುವವರ ಮೇಲೂ ಅನುಮಾನವೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಕೌಂಟರಿನ ಸಿಬ್ಬಂದಿ ಹೇಳಿದ್ದು ಸುಳ್ಳಲ್ಲ. 2001ರ ಸೆಪ್ಟೆಂಬರ್ 11ರ ದಾಳಿ ನಡೆದ ಮೂರು ವಾರದೊಳಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1373ನೇ ನಿರ್ಣಯವು, ಉಗ್ರರಿಗೆ ಹಣ ಒದಗಿಸುವುದನ್ನು ಅಪರಾಧವನ್ನಾಗಿಸಿ ಅಂಥ ಹಣವನ್ನು ತಡೆಹಿಡಿಯುವ ಹೊಣೆಯನ್ನು ಎಲ್ಲ ದೇಶಗಳ ಮೇಲೆ ಹೊರಿಸಿತು. ಇದನ್ನು ಯಾವ ದೇಶ ಎಷ್ಟು ಪಾಲಿಸುತ್ತಿದೆ ಎಂದು ತೂಗಿ ನೋಡುವುದು ಪ್ಯಾರಿಸ್‌ನಲ್ಲಿರುವ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಹಣಕಾಸು ಕಾರ್ಯಪಡೆ; 2018ರಿಂದ 2022ರವರೆಗೆ ಪಾಕಿಸ್ತಾನವನ್ನು ಬೂದುಪಟ್ಟಿಯಲ್ಲಿ, ಅಂದರೆ ಲೋಪವಿರುವ ದೇಶಗಳ ನಿಗಾಪಟ್ಟಿಯಲ್ಲಿ, ಇಟ್ಟದ್ದು ಇದೇ ಸಂಸ್ಥೆ. ಭಾರತ 2010ರಿಂದ ಅದರ ಸದಸ್ಯ.

ಆದರೆ ಕಾಗದಪತ್ರದಿಂದ ಉಗ್ರರು ಸಿಕ್ಕಿಬೀಳುತ್ತಾರೆಯೇ? ಅಮೆರಿಕದ ವಿಚಾರಣಾ ಆಯೋಗದ ಪ್ರಕಾರ ಸೆಪ್ಟೆಂಬರ್ 11ರ ಸಂಚಿಗೆ ತಗುಲಿದ್ದು ನಾಲ್ಕರಿಂದ ಐದು ಲಕ್ಷ ಡಾಲರ್. ವಿಮಾನ ಅಪಹರಿಸಿದವರು ಅಲ್ಲಿನ ಬ್ಯಾಂಕುಗಳಲ್ಲಿ ಸ್ವಂತ ಹೆಸರಿನಲ್ಲೇ ಖಾತೆ ತೆರೆದಿದ್ದರು, ವ್ಯವಹಾರದಲ್ಲಿ ಅನುಮಾನಪಡುವಂಥದ್ದೇನೂ ಕಂಡಿರಲಿಲ್ಲ. ಆ ಖಾತೆಗಳು ಉಪಯೋಗಕ್ಕೆ ಬಂದದ್ದು ದಾಳಿಯ ನಂತರ, ಯಾರಿಂದ ಯಾರಿಗೆ ಹಣ ಹೋಯಿತೆಂದು ಜಾಡು ಹಿಡಿಯುವುದಕ್ಕೆ. ಕೆವೈಸಿಯ ನಿಜವಾದ ಬೆಲೆ ಇರುವುದೂ ಬಹುಮಟ್ಟಿಗೆ ಅಲ್ಲೇ ಎಂದು ನನ್ನ ಅಭಿಪ್ರಾಯ. ಅಷ್ಟರ ಮಟ್ಟಿಗೆ ಟ್ರಸ್ಟಿಗಳ ಗುರುತಿನ ದಾಖಲೆ ಕೊಡುವುದರಲ್ಲಿ ಅವಮಾನವೇನೂ ಇಲ್ಲ.

ನಿಮ್ಮ ಸಿಟ್ಟಿಗೂ ಆಧಾರವಿದೆ. ಲಾಭರಹಿತ ಸಂಸ್ಥೆಗಳೆಲ್ಲ ವಿಶೇಷವಾಗಿ ದುರುಪಯೋಗಕ್ಕೆ ಈಡಾಗುವಂಥವು ಎಂಬ ಮಾತನ್ನು ಎಫ್‌ಎಟಿಎಫ್, ಇಂಥ ಸಂಸ್ಥೆಗಳ ಕುರಿತು ದೇಶಗಳಿಗೆ ನೀಡಿರುವ ತನ್ನ 8ನೇ ಶಿಫಾರಸಿನಿಂದ 2016ರಲ್ಲೇ ತೆಗೆದುಹಾಕಿತು. ಅಪಾಯ ಎಷ್ಟಿದೆಯೋ ನಿಗಾ ಅಷ್ಟಿರಲಿ ಎಂಬುದು ಈಗಿನ ನಿಲುವು. 2024ರಲ್ಲಿ ಭಾರತದ ಮೌಲ್ಯಮಾಪನ ಪ್ರಕಟಿಸಿದಾಗಲೂ ನಮ್ಮ ಸರ್ಕಾರಕ್ಕೆ ಇದನ್ನೇ ಹೇಳಿದೆ. ನಮ್ಮ ಶಾಖೆಗಳು ಮಾತ್ರ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ.

ಇನ್ನು ದರ್ಪಣ್ ವಿಷಯ. 2023ರ ಮಾರ್ಚ್‌ನಲ್ಲಿ ಹಣ ಅಕ್ರಮ ವರ್ಗಾವಣೆ ತಡೆ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ನಿಮ್ಮಂಥ ಸಂಸ್ಥೆಯ ವಿವರ ಅಲ್ಲಿ ದಾಖಲಾಗಿರದಿದ್ದರೆ ದಾಖಲಿಸಬೇಕಾದದ್ದು ಬ್ಯಾಂಕು. ತನ್ನ ಕೆಲಸವನ್ನು ಅದು ನಿಮ್ಮ ಹೆಗಲಿಗೆ ದಾಟಿಸಿದಂತಿದೆ. ಈ ಅಂಶವನ್ನೇ ಕಾಣಿಸಿ ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು.

– ಸಂ.