ಮುಚ್ಚಿಹೋದ ಕಂಪನಿಯಿಂದ ರಿಲೀವಿಂಗ್ ಲೆಟರ್ ತರೋದು ಹೇಗೆ?

ಓದುಗರ ಪತ್ರದ ಆಯ್ದ ಭಾಗ: ‘ನಾನು ಹುಬ್ಬಳ್ಳಿಯವಳು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ 8 ವರ್ಷ ಟೆಸ್ಟಿಂಗ್ ಕೆಲಸ ಮಾಡಿದೆ. ಅಪ್ಪನಿಗೆ ಲಕ್ವಾ ಹೊಡೆಯಿತು, 2020ರ ನವೆಂಬರ್ ಕೊನೆಗೆ ಕೆಲಸ ಬಿಟ್ಟು ಊರಿಗೆ ಬಂದೆ. ಅಲ್ಲಿಂದ ಇಲ್ಲಿಯವರೆಗೆ ಎರಡು ಸ್ಟಾರ್ಟಪ್‌ಗಳಿಗೆ, ಆಮೇಲೆ ಸಿಂಗಾಪುರದ ಒಬ್ಬರಿಗೆ ಫ್ರೀಲಾನ್ಸ್ ಮಾಡಿದ್ದೇನೆ. ನಡುವೆ 7 ತಿಂಗಳು ಕೆಲಸವೇ ಇರಲಿಲ್ಲ. ಈಗ ಬ್ಯಾಂಕಿಗೆ ಜನ ಒದಗಿಸುವ ವೆಂಡರ್ ಒಬ್ಬರ ಮೂಲಕ ಬ್ಯಾಂಕ್ ಪ್ರಾಜೆಕ್ಟ್‌ಗೆ ಒಂದು ವರ್ಷದ ಕಾಂಟ್ರ್ಯಾಕ್ಟ್ ಸಿಕ್ಕಿದೆ. ಹಿನ್ನೆಲೆ ಪರಿಶೀಲಿಸುವ ಬಿಜಿವಿಯವರು (ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್) ಫ್ರೀಲಾನ್ಸ್ ಕಾಲಕ್ಕೆಲ್ಲ ರಿಲೀವಿಂಗ್ ಲೆಟರ್, ಅಂದರೆ ಕೆಲಸ ಬಿಟ್ಟಾಗ ಕಂಪನಿ ಕೊಡುವ ಪತ್ರ, ಕೇಳುತ್ತಿದ್ದಾರೆ. ಒಂದು ಸ್ಟಾರ್ಟಪ್ ಮುಚ್ಚಿಯೇ ಹೋಗಿದೆ. ವೆಂಡರ್ ಕಡೆಯ ಹುಡುಗ “ಬೇರೆ ಕಂಪನಿ ಹೆಸರು ಹಾಕಿ ಮೇಡಂ, ಲೆಟರ್ ನಾವು ಅರೇಂಜ್ ಮಾಡ್ತೀವಿ” ಅನ್ನುತ್ತಾನೆ. ಏನು ಮಾಡಲಿ?’

ಮೇಡಂ, ನಮಸ್ಕಾರ.

ಮೊದಲು ಆ ಹುಡುಗನ ವಿಷಯ ಮುಗಿಸೋಣ. ಬೇಡ. ತಪ್ಪು ಅನ್ನೋದು ಒಂದು ಕಡೆ ಇರಲಿ, ಸಿಕ್ಕಿಬೀಳೋದು ತುಂಬಾ ಸುಲಭ. 2014ರಲ್ಲಿ ಪಿಎಫ್‌ಗೆ ಯುಎಎನ್ (ಕೆಲಸ ಬದಲಾದರೂ ಬದಲಾಗದ ಒಂದೇ ನಂಬರ್) ಬಂದ ಮೇಲೆ ಒಬ್ಬ ಮನುಷ್ಯ ಎಲ್ಲಿ ಸೇರಿದ, ಎಲ್ಲಿ ಬಿಟ್ಟ ಅನ್ನೋದೆಲ್ಲ ಒಂದೇ ನಂಬರಿನ ಕೆಳಗೆ ಸಾಲಾಗಿ ಕಾಣುತ್ತದೆ. ನಿಮ್ಮದು 2020ರ ನವೆಂಬರ್‌ಗೆ ನಿಂತಿದೆ. ಆಮೇಲೆ ಮೂರು ವರ್ಷ ಯಾವುದೋ ಪ್ರೈವೇಟ್ ಲಿಮಿಟೆಡ್‌ನಲ್ಲಿ ಸಂಬಳಕ್ಕಿದ್ದೆ ಅಂತ ಲೆಟರ್ ಕೊಟ್ಟರೆ, ಪಿಎಫ್ ಎಲ್ಲಿ, ಸಂಬಳದಲ್ಲಿ ಮೊದಲೇ ಹಿಡಿದ ತೆರಿಗೆ, ಅಂದರೆ ಟಿಡಿಎಸ್, ಎಲ್ಲಿ, ಹಣ ಬಿದ್ದ ಬ್ಯಾಂಕ್ ಖಾತೆ ಎಲ್ಲಿ? ಮೂರಕ್ಕೂ ಉತ್ತರ ಇರೋದಿಲ್ಲ. ಇನ್ನು ಕಾನೂನು. ಖೋಟಾ ಕಾಗದ ತಯಾರಿಸೋದಷ್ಟೇ ಅಲ್ಲ, ಖೋಟಾ ಅಂತ ಗೊತ್ತಿದ್ದೂ ಬಳಸೋದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಸಿಕ್ಕಿಬಿದ್ದ ದಿನ ಆ ಹುಡುಗ ಫೋನ್ ಎತ್ತೋದಿಲ್ಲ. ಸಹಿ ಇರೋದು ನಿಮ್ಮದು.

ಇನ್ನು ನಿಮ್ಮ ಅಸಲು ಸಂಕಟ. ಬಿಜಿವಿ ಫಾರ್ಮ್ ನಿಮ್ಮಂಥವರಿಗಾಗಿ ಮಾಡಿದ್ದೇ ಅಲ್ಲ. ಕಂಪನಿ ಹೆಸರು, ಎಂಪ್ಲಾಯೀ ಐಡಿ, ಮ್ಯಾನೇಜರ್ ಮೇಲ್, ರಿಲೀವಿಂಗ್ ಲೆಟರ್, ಇಷ್ಟೇ ಕಾಲಂ. ಈ ಕಾಲಂಗಳಲ್ಲಿ ಕೂರದ ಬದುಕೆಲ್ಲ ಅವರ ಲೆಕ್ಕದಲ್ಲಿ ‘ಗ್ಯಾಪ್’. ನನಗೂ ಇದು ಆಗಿದೆ. ನಾನು ದುಡಿಯುತ್ತಿದ್ದ ವಾರಪತ್ರಿಕೆ ರಾತ್ರೋರಾತ್ರಿ ನಿಂತುಹೋಯಿತು, ಎರಡು ವರ್ಷ ಅನುವಾದ ಮಾಡಿಕೊಂಡು ಬದುಕಿದೆ, ಆಮೇಲೆ ಒಂದು ಸಂಸ್ಥೆಗೆ ಸೇರುವಾಗ ಅಲ್ಲಿನ ಎಚ್‌ಆರ್ ಹುಡುಗಿ ಆ ವಾರಪತ್ರಿಕೆಯ ರಿಲೀವಿಂಗ್ ಲೆಟರ್ ತಂದೇ ತೀರಬೇಕು ಅಂದಳು. ಅಷ್ಟು ಹೊತ್ತಿಗೆ ಆ ಕಚೇರಿಯಲ್ಲಿ ಬೇಕರಿ ನಡೀತಿತ್ತು. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ ಪಾಸ್‌ಬುಕ್. ಪತ್ರಿಕೆಯ ಹೆಸರಲ್ಲಿ ಪ್ರತಿ ತಿಂಗಳು ಜಮೆಯಾದ ಚೆಕ್ಕು, ಆಮೇಲೆ ಪ್ರಕಾಶಕರಿಂದ ಬಂದ ಪುಡಿಗಾಸು.

ನಿಮಗೂ ನಾನು ಹೇಳೋದು ಅದನ್ನೇ, ದುಡ್ಡಿನ ಜಾಡು ತೋರಿಸಿ. ಇವತ್ತು ಯಾರನ್ನೋ ಕೇಳಿ ಬರೆಸಿಕೊಂಡ ಲೆಟರ್‌ಗಿಂತ, ಕೆಲಸ ಮಾಡಿದ ಕಾಲದಲ್ಲೇ ಹುಟ್ಟಿ, ನಿಮ್ಮ ಕೈಯಲ್ಲಿಲ್ಲದೆ ಬೇರೆಯವರ ಹತ್ತಿರ ಬಿದ್ದಿರುವ ದಾಖಲೆಗೆ ತೂಕ ಜಾಸ್ತಿ. ಸ್ಟಾರ್ಟಪ್‌ಗಳು ನಿಮ್ಮ ಬಿಲ್ಲಿನಲ್ಲಿ ಟಿಡಿಎಸ್ ಹಿಡಿದಿದ್ದರೆ ಆ ವರ್ಷಗಳ ಫಾರ್ಮ್ 26ಎಎಸ್, ಅಂದರೆ ತೆರಿಗೆ ಇಲಾಖೆಯ ಟಿಡಿಎಸ್ ಪಟ್ಟಿ, ಇಳಿಸಿಕೊಳ್ಳಿ. ಹಿಡಿದವರ ಹೆಸರು, ತಾರೀಕು, ಮೊತ್ತ, ಆದಾಯ ತೆರಿಗೆ ಕಾಯ್ದೆಯ ಯಾವ ಸೆಕ್ಷನ್, ಎಲ್ಲ ಅದರಲ್ಲಿರುತ್ತದೆ. ಆ ವರ್ಷಗಳಲ್ಲಿ ಸಂಬಳವಾದರೆ 192, ವೃತ್ತಿಯ ಫೀಸಾದರೆ 194ಜೆ. ಆ ಸೆಕ್ಷನ್ ನಂಬರೇ ನೀವು ನೌಕರಿಯಲ್ಲಿರಲಿಲ್ಲ, ಸ್ವತಂತ್ರವಾಗಿ ದುಡಿದಿರಿ ಅಂತ ಹೇಳುತ್ತದೆ. ಕಂಪನಿ ಮುಚ್ಚಿದರೂ ಅದರ ಹೆಸರಿನ ಸಾಲು ಅಲ್ಲೇ ಇರುತ್ತದೆ.

ಸಿಂಗಾಪುರದವರದು ಹೀಗಲ್ಲ. ಅವರು ಇಲ್ಲಿ ಟಿಡಿಎಸ್ ಹಿಡಿದಿರೋದಿಲ್ಲ, 26ಎಎಸ್ ಹುಡುಕಿದರೆ ಖಾಲಿ, ಅದನ್ನು ನೋಡಿ ಗಾಬರಿಯಾಗಬೇಡಿ. ಹೊರದೇಶದಿಂದ ಹಣ ಬಂದಾಗ ಬ್ಯಾಂಕ್ ಕೊಡುವ ಹಣ ಸಂದಾಯದ ಚೀಟಿ, ಎಫ್‌ಐಆರ್‌ಎ ಇರುತ್ತದೆ, ಕಳಿಸಿದವರ ಹೆಸರು ಮತ್ತು ಯಾವ ಕೆಲಸಕ್ಕೆ ಅನ್ನುವ ಪರ್ಪಸ್ ಕೋಡ್ ಸಮೇತ. ಅದರ ಜೊತೆ ನಿಮ್ಮ ಇನ್‌ವಾಯ್ಸ್ ಜೋಡಿಸಿ. ವರ್ಷ ವರ್ಷ ರಿಟರ್ನ್ ತುಂಬಿದ್ದೀರಿ ಅಂತ ಬರೆದಿದ್ದೀರಿ, ಒಳ್ಳೆಯದಾಯಿತು. ಆಡಿಟರ್ ಹತ್ತಿರ ಅವುಗಳ ಪ್ರತಿ ತರಿಸಿ. ಐಟಿಆರ್-4 ತುಂಬಿದ್ದರೆ ಆದಾಯ ವೃತ್ತಿಯದ್ದು ಅಂತ ಅದರಲ್ಲೇ ಇದೆ, ಮೇಲೆ ಅಂದಿನ ತಾರೀಕು. ಜಿಎಸ್‌ಟಿ ಇಲ್ಲ ಅಂತ ಅವರು ಮುಖ ಸಿಂಡರಿಸಿದರೆ, ನಿಮ್ಮಂತೆ ಊರಲ್ಲೇ ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷದವರೆಗೆ ಸಾಮಾನ್ಯವಾಗಿ ಅದು ಬೇಕಾಗಿಯೇ ಇರಲಿಲ್ಲ ಅಂತ ಹೇಳಿ.

ಫಾರ್ಮ್‌ನಲ್ಲಿ ಒಂದೊಂದು ಕ್ಲೈಂಟ್‌ಗೂ ಒಂದೊಂದು ನೌಕರಿ ಅನ್ನುವಂತೆ ಬರೆಯಬೇಡಿ. ಹಾಗೆ ಬರೆದಿದ್ದಕ್ಕೇ ಅವರು ಒಂದೊಂದಕ್ಕೂ ರಿಲೀವಿಂಗ್ ಲೆಟರ್ ಕೇಳುತ್ತಿರಬಹುದು. ‘ಸ್ವಂತ ಉದ್ಯೋಗ, ಸಾಫ್ಟ್‌ವೇರ್ ಟೆಸ್ಟಿಂಗ್’ ಅಂತ ಒಂದೇ ಸಾಲು, ಶುರುವಿನಿಂದ ಇವತ್ತಿನವರೆಗೆ. ಕ್ಲೈಂಟ್‌ಗಳ ಹೆಸರು ಅದರ ಕೆಳಗೆ. ಎರಡು ಬಿಲ್ಲಿನ ನಡುವೆ ಒಂದೂವರೆ ತಿಂಗಳು ಖಾಲಿ ಇತ್ತು ಅಂದರೆ ಅದು ಗ್ಯಾಪ್ ಅಲ್ಲ. ಅಂಗಡಿ ತೆರೆದಿತ್ತು, ಗಿರಾಕಿ ಬರಲಿಲ್ಲ, ಅಷ್ಟೇ ಅಲ್ವಾ?

ಆದರೆ ಆ 7 ತಿಂಗಳನ್ನು ಈ ಸಾಲಿನೊಳಗೆ ನುಂಗಿಸಬೇಡಿ. ತಂದೆಯ ಆರೈಕೆ, ಈ ತಿಂಗಳಿಂದ ಈ ತಿಂಗಳವರೆಗೆ ಕೆಲಸ ಮಾಡಿಲ್ಲ, ಅಂತ ಎರಡು ಸಾಲು ಬರೆದು ಸಹಿ ಹಾಕಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಲಗತ್ತಿಸುವ ಅಗತ್ಯ ನನಗೆ ಕಾಣೋದಿಲ್ಲ. ನಿಮ್ಮ ಅಪ್ಪನ ಬಿಪಿ ಎಷ್ಟಿತ್ತು ಅಂತ ಬ್ಯಾಂಕಿಗೆ ಯಾಕೆ ಬೇಕು?

ಈಗ, ನೀವು ಕೇಳದೇ ಇದ್ದ ಒಂದು ಮಾತು. ಪತ್ರದ ಜೊತೆ ಕಳಿಸಿದ ತಾರೀಕುಗಳ ಪಟ್ಟಿಯನ್ನು ಎರಡು ಸಲ ನೋಡಿದೆ. ಕಂಪನಿಯಲ್ಲಿ ಕೊನೆಯ ದಿನ 2020ರ ನವೆಂಬರ್ 30. ಸ್ಟಾರ್ಟಪ್‌ಗೆ ಮೊದಲ ಬಿಲ್ ಅದೇ ವರ್ಷ ಸೆಪ್ಟೆಂಬರ್. ನೀವು ಗ್ಯಾಪ್ ಗ್ಯಾಪ್ ಅಂತ ನಿದ್ದೆ ಕೆಡಿಸಿಕೊಂಡಿದ್ದೀರಿ, ನನಗೆ ಹೆದರಿಕೆ ಈ ಎರಡೂವರೆ ತಿಂಗಳದ್ದು. 2022ರಲ್ಲಿ ನೌಕರಿಯಲ್ಲಿದ್ದೇ ಗುಟ್ಟಾಗಿ ಬೇರೆ ಕೆಲಸ ಮಾಡುವ ಮೂನ್‌ಲೈಟಿಂಗ್ ಗಲಾಟೆ ಎದ್ದಾಗ ವಿಪ್ರೋ ಒಂದೇ 300 ಜನರನ್ನು ಮನೆಗೆ ಕಳಿಸಿತ್ತು, ನೆನಪಿರಬಹುದು. ಆಮೇಲೆ ಬಿಜಿವಿಯವರ ಕಣ್ಣು ಖಾಲಿ ಜಾಗದ ಮೇಲೆ ಎಷ್ಟಿದೆಯೋ, ಒಂದರ ಮೇಲೊಂದು ಕೂತ ತಾರೀಕಿನ ಮೇಲೂ ಅಷ್ಟೇ ಇದೆ. ಅದಕ್ಕೆ ಸಾಕ್ಷಿ ಯಾವುದು ಅಂದರೆ ನಾನು ಈಗಷ್ಟೇ ಕೊಡಿ ಅಂದ ಅದೇ 26ಎಎಸ್. ಹಾಗಂತ ಆ ವರ್ಷದ್ದನ್ನು ಬಚ್ಚಿಡೋದಕ್ಕೆ ಹೋಗಬೇಡಿ. ನೋಟಿಸ್ ಪೀರಿಯಡ್‌ನಲ್ಲಿದ್ದಾಗ ಭಾನುವಾರ ಕೂತು ಮಾಡಿದ ಕೆಲಸ ಅಂತ ಪಟ್ಟಿಯಲ್ಲೇ ಇದೆ. ಅದನ್ನೇ ಬರೆಯಿರಿ, ಅವರು ಕೇಳುವ ಮೊದಲು. ಹಳೆಯ ಆಫರ್ ಲೆಟರ್ ತೆಗೆದು ಬೇರೆ ಕೆಲಸದ ಬಗ್ಗೆ ಏನು ಷರತ್ತಿತ್ತು ಅಂತಲೂ ಓದಿ. ಇದರಿಂದ ಕಾಂಟ್ರ್ಯಾಕ್ಟ್ ತಪ್ಪೋದೇ ಇಲ್ಲ ಅಂತ ನಾನು ಮಾತು ಕೊಡಲಾರೆ.

‘ನಾನೇನು ಅವರ ನೌಕರಳಾ, ನನಗೆ ಯಾಕಿಷ್ಟು ಜಾಲಾಟ’ ಅಂತಲೂ ಕೇಳಿದ್ದೀರಿ. ಬ್ಯಾಂಕ್ ಕಡೆಯಿಂದ ನೋಡಿದರೆ ಕಾರಣ ಇದೆ. 2005ರಲ್ಲಿ ಪುಣೆಯ ಕಾಲ್ ಸೆಂಟರ್ ಒಂದರ ಹುಡುಗರು ಅಮೆರಿಕದ ಬ್ಯಾಂಕ್ ಗ್ರಾಹಕರ ಖಾತೆಯಿಂದ ಹಣ ಎಗರಿಸಿ ಸಿಕ್ಕಿಬಿದ್ದರು. ಮುಂದಿನ ವರ್ಷವೇ ಐಟಿ ಕಂಪನಿಗಳ ಸಂಘ ನಾಸ್ಕಾಂ ಐಟಿಯವರ ಪೂರ್ವಾಪರ ದಾಖಲಿಸೋದಕ್ಕೆ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ತಂದಿತು. 2023ರ ಅಕ್ಟೋಬರ್‌ನಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ, ಐಟಿ ಕೆಲಸ ಹೊರಗೆ ಕೊಟ್ಟರೂ ಹೊಣೆ ಬ್ಯಾಂಕಿನದೇ. ಗ್ರಾಹಕರ ಖಾತೆ ಇರುವ ಸಿಸ್ಟಂ ಮುಂದೆ ಕೂರುವವರು ಯಾರು ಅಂತ ಅವರು ನೋಡಲೇಬೇಕು. ನೋಡಲಿ. ಆದರೆ ನಿಮ್ಮ ಇಡೀ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ ಅಂದರೆ ಕ್ಲೈಂಟ್ ಹಣ ಬಂದ ಸಾಲು ಬಿಟ್ಟು ಉಳಿದದ್ದಕ್ಕೆ ಕಪ್ಪು ಬಳಿದು ಕೊಡಿ. ಆಧಾರ್ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ. ಕನ್ಸೆಂಟ್ ಫಾರ್ಮ್ ಸುಮ್ನೆ ಸಹಿ ಹಾಕಬೇಡಿ, ಯಾವ ಮಾಹಿತಿ, ಯಾವ ಕೆಲಸಕ್ಕೆ ಅಂತ ಓದಿ. 2023ರ ಡೇಟಾ ಸಂರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದು ಹಂತ ಹಂತವಾಗಿ ಜಾರಿಯಾಗುತ್ತಿವೆ. ಕೇಳುವವರೂ ಈಗ ಸ್ವಲ್ಪ ಹುಷಾರಾಗಿರುತ್ತಾರೆ.

ಕೊನೆಗೊಂದು. ಬಿಜಿವಿ ಮುಗಿಯುವ ಮೊದಲೇ ಸೋಮವಾರ ಸೇರಿಕೊಳ್ಳಿ ಅಂದಿದ್ದಾರೆ ಅಂತ ಪತ್ರದ ಮೂಲೆಯಲ್ಲಿ ಬರೆದಿದ್ದೀರಿ. ಸೇರುವ ಮೊದಲು ವೆಂಡರ್‌ಗೆ ಒಂದು ಮೇಲ್ ಹಾಕಿ, ವಾಟ್ಸಾಪ್ ಬೇಡ. ರಿಪೋರ್ಟ್ ಹೇಗೇ ಬರಲಿ, ಕೆಲಸ ಮಾಡಿದ ದಿನಗಳ ದುಡ್ಡು ಕೊಡುತ್ತೇವೆ ಅಂತ ಅವರಿಂದ ಬರೆಸಿಕೊಳ್ಳಿ. ಉತ್ತರ ಬರುವ ತನಕ ಬೆಂಗಳೂರಿನಲ್ಲಿ ಪಿಜಿಗೆ ಅಡ್ವಾನ್ಸ್ ಕೊಡಬೇಡಿ.