ರಿಯಾಕ್ಟಿವ್ ಆರ್ತ್ರೈಟಿಸ್: ಮಂಡಿ ವಾಸಿಯಾಗಿದೆ, ಕಣ್ಣು ಮಾತ್ರ ಮತ್ತೆ ಕೆಂಪಾಗಿದೆ. ಇಂಗ್ಲಿಷ್ ಔಷಧಿ ಬಿಟ್ಟು ಆಯುರ್ವೇದಕ್ಕೆ ಹೋಗಲೇ?

ಮಂಡಿ ಊತ ಇಳಿದಿದೆ, ಹಾಗಾಗಿ ಕಣ್ಣಿಗೆ ಬೇರೇನೋ ಆಗಿರಬೇಕು ಎಂದು ಬರೆದಿದ್ದೀರಿ. ನಾನೂ ಥೇಟ್ ಹೀಗೇ ಅಂದುಕೊಂಡಿದ್ದೆ. ನನ್ನ ಎಡಗಣ್ಣು ಇವತ್ತಿಗೂ ಪೂರ್ತಿ ಸರಿಯಾಗಿಲ್ಲ.

ರಿಯಾಕ್ಟಿವ್ ಆರ್ತ್ರೈಟಿಸ್ ಅಂದರೆ ದೇಹದಲ್ಲಿ ಬೇರೆಲ್ಲೋ ಆದ ಸೋಂಕಿನ ಬೆನ್ನಿಗೆ ಕೀಲುಗಳಿಗೆ ಬರುವ ಉರಿಯೂತ. ನನಗೆ ಶುರುವಾಗಿದ್ದು ಹೊಟ್ಟೆಯಿಂದ. ನೆಂಟರ ಮದುವೆಯಲ್ಲಿ ಉಂಡು ಬಂದ ಮೇಲೆ ಜ್ವರ, ಭೇದಿ. ಬೇಗ ಸರಿಹೋಯಿತು, ಮರೆತೂ ಬಿಟ್ಟೆ. ಕೆಲವು ವಾರ ಕಳೆದ ಮೇಲೆ ಬಲಮಂಡಿ ಊದಿತು. ಬೆಳಿಗ್ಗೆ ಎದ್ದರೆ ಹಿಮ್ಮಡಿ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಕಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ದಪ್ಪಗಾಯಿತು. ಯೂರಿಕ್ ಆಸಿಡ್ ಇರಬೇಕು ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ರುಮಟಾಲಜಿಸ್ಟ್ (ಕೀಲುವಾತದ ಡಾಕ್ಟರ್) ಮಾತ್ರ ಮಂಡಿ ನೋಡುವ ಮೊದಲೇ "ಈಚೆಗೆ ಹೊಟ್ಟೆ ಕೆಟ್ಟಿತ್ತಾ?" ಎಂದು ಕೇಳಿದರು. ಸಾಲ್ಮೊನೆಲ್ಲಾ, ಶಿಗೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಇಂಥ ಸೋಂಕು ಆದ 1ರಿಂದ 4 ವಾರದೊಳಗೆ ಕೆಲವರಿಗೆ ಹೀಗಾಗುತ್ತದೆ. ಮೂತ್ರನಾಳಕ್ಕೆ ತಗಲುವ ಕ್ಲಮಿಡಿಯ ಸೋಂಕಿನಿಂದಲೂ ಆಗುತ್ತದೆ. ಅದರ ಅನುಮಾನ ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ27 (ಈ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ, ಹುಟ್ಟಿನಿಂದಲೇ ಇರುವ ಒಂದು ಜೀನ್) ಪಾಸಿಟಿವ್ ಬಂತು. ಮಂಡಿಯಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ನೋವಿಗೆ ನ್ಯಾಪ್ರೊಕ್ಸೆನ್, ಆಮೇಲೆ ಉರಿಯೂತ ತಗ್ಗಿಸುವ ಸಲ್ಫಾಸಲಜೀನ್ ಮಾತ್ರೆ. ಹೆಚ್ಚಿನವರಿಗೆ 6ರಿಂದ 12 ತಿಂಗಳಲ್ಲಿ ಇದು ಇಳಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ ಬಂದು ಹೋಗುತ್ತಿರುತ್ತದೆ ಎಂದು ಡಾಕ್ಟರ್ ಆಗಲೇ ಹೇಳಿದ್ದರು. "ಕಣ್ಣು ಕೆಂಪಾದರೆ ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ" ಎಂದೂ ಹೇಳಿದ್ದರು. ನಾನು ಮೊದಲನೆಯದನ್ನು ನೆನಪಿಟ್ಟುಕೊಂಡೆ, ಎರಡನೆಯದನ್ನು ಮರೆತೆ.

ಮಂಡಿ ಸರಿಹೋಗಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಹೊತ್ತಿನಲ್ಲೇ ಕಣ್ಣು ಕೆಂಪಾಯಿತು. ನಮ್ಮ ಶಾಲೆಯ ಮಕ್ಕಳಲ್ಲಿ ಆಗ ಮದ್ರಾಸ್ ಐ ಓಡಾಡುತ್ತಿತ್ತು. ನನಗೂ ಅದೇ ಅಂಟಿದೆ ಎಂದುಕೊಂಡೆ. ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ಗಡಿಬಿಡಿ ಬೇರೆ. ಮೆಡಿಕಲ್ ಶಾಪಿನಲ್ಲಿ ಕೇಳಿದೆ, ಒಂದು ಡ್ರಾಪ್ಸ್ ಕೊಟ್ಟರು. ಹಾಕಿದ ಮೇಲೆ ಕೆಂಪು ಇಳಿಯಿತು. ನಿಲ್ಲಿಸಿದೆ. ಮತ್ತೆ ಕೆಂಪಾಯಿತು. ಮತ್ತೆ ಹಾಕಿದೆ.

ಇಲ್ಲಿ ಏನು ನಡೆಯುತ್ತಿತ್ತು ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ಆ ಡ್ರಾಪ್ಸ್ ಬರೀ ಆಂಟಿಬಯೋಟಿಕ್ ಆಗಿರಲಿಲ್ಲ, ಅದರಲ್ಲಿ ಸ್ಟೀರಾಯ್ಡ್ ಕೂಡ ಸೇರಿತ್ತು. ಅದಕ್ಕೇ ಕೆಂಪು ಇಳಿದದ್ದು. ನನಗಿದ್ದದ್ದು ಯುವೈಟಿಸ್. ಅಂದರೆ ಕಣ್ಣಿನ ಒಳಗೆ, ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಉರಿಯೂತ. ಅದಕ್ಕೆ ಸ್ಟೀರಾಯ್ಡ್ ಡ್ರಾಪ್ಸೇ ಔಷಧಿ. ಆದರೆ ಶುರುವಿನಲ್ಲಿ ಗಂಟೆಗೊಂದು ಸಲದಂತೆ ಹಾಕಿ, ಆಮೇಲೆ ವಾರಗಟ್ಟಲೆ ನಿಧಾನವಾಗಿ ಇಳಿಸಬೇಕು. ನಾನು ದಿನಕ್ಕೆ ಮೂರು ಸಲ ಹಾಕಿ ಥಟ್ಟನೆ ಬಿಡುತ್ತಿದ್ದೆ. ಹೊರಗೆ ಕೆಂಪು ಮಾಯ, ಒಳಗೆ ಉರಿಯೂತ ಹಾಗೇ. ಜೊತೆಗೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಬೇಕಿತ್ತು, ಅದನ್ನು ಕೊಡುವವರು ಯಾರು? ಪಾಪೆ ಕುಗ್ಗಿಯೇ ಇದ್ದು, ಆ ಪರದೆ ಹಿಂದಿನ ಲೆನ್ಸಿಗೆ ಅಂಟಿಕೊಂಡಿತು. ಕೊನೆಗೆ ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರ) ನೋಡಿ ಹಿಗ್ಗಿಸುವ ಡ್ರಾಪ್ಸ್ ಹಾಕಿದರು. ಕೆಲವು ಕಡೆ ಬಿಟ್ಟಿತು, ಕೆಲವು ಕಡೆ ಬಿಡಲಿಲ್ಲ. ಪಾಪೆ ಈಗಲೂ ದುಂಡಗಿಲ್ಲ. ಆ ಕಣ್ಣಿನಲ್ಲಿ ಪೊರೆಯೂ ಬೆಳೆಯುತ್ತಿದೆ. ಆಪರೇಷನ್ ಮಾಡಬೇಕಾದರೂ ಕಣ್ಣು ಕನಿಷ್ಠ 3 ತಿಂಗಳು ಪೂರ್ತಿ ಶಾಂತವಾಗಿರಬೇಕಂತೆ.

ಗುರುತು ನನಗೆ ಅಂದೇ ಸಿಗಬಹುದಿತ್ತು. ಮದ್ರಾಸ್ ಐನಲ್ಲಿ ಗೀಜು ಬರುತ್ತದೆ, ರೆಪ್ಪೆ ಅಂಟುತ್ತದೆ. ನನಗೆ ಗೀಜೇ ಇರಲಿಲ್ಲ. ಒಂದೇ ಕಣ್ಣು, ಒಳಗಿನಿಂದ ನೋವು, ಬೆಳಕು ನೋಡಿದರೆ ಚುಚ್ಚುತ್ತಿತ್ತು, ದೃಷ್ಟಿ ಮಂಜು. ಕರಿಗುಡ್ಡೆಯ ಅಂಚಿನಲ್ಲೇ ಕೆಂಪು ಜಾಸ್ತಿ. ಈ ಕಾಯಿಲೆಯಲ್ಲಿ ಸಾದಾ ಕಣ್ಣುರಿಯೂ ಬರುತ್ತದೆ, ನಿಜ. ಆದರೆ ಯಾವುದು ಯಾವುದು ಎಂದು ಕನ್ನಡಿ ಮುಂದೆ ನಿಂತು ತೀರ್ಮಾನಿಸಬೇಡಿ. ಮಂಡಿ ಚೆನ್ನಾಗಿದ್ದಾಗಲೂ, ವರ್ಷಗಳ ನಂತರವೂ ಕಣ್ಣಿಗೆ ಬರಬಹುದು. ಬಿ27 ಇರುವವರಿಗೆ ಇನ್ನೂ ಜಾಸ್ತಿ.

ಈಗ ನಿಮ್ಮ ಇಂಗ್ಲಿಷೋ ಆಯುರ್ವೇದವೋ ಪ್ರಶ್ನೆ. ನನ್ನ ಪ್ರಕಾರ ಈ ಪ್ರಶ್ನೆಯೇ ಸರಿ ಇಲ್ಲ. ನೀವು ಶಾಶ್ವತ ಪರಿಹಾರ ಹುಡುಕುತ್ತಿದ್ದೀರಿ. ನಿಮಗೆ ಬೇಕಿರುವುದು ಕಣ್ಣು ಕೆಂಪಾದ ದಿನವೇ ನೋಡುವ ಒಬ್ಬ ಡಾಕ್ಟರ್. ಪಥ್ಯ ಮಾಡಿ, ಎಣ್ಣೆ ಹಚ್ಚಿಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆದರೆ ಕಣ್ಣಿಗೆ ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ತಾಯಿಹಾಲು ಖಂಡಿತ ಬೇಡ. ನಮ್ಮತ್ತೆ ಪ್ರೀತಿಯಿಂದಲೇ ಹೂವು ನೆನೆಸಿಟ್ಟಿದ್ದರು, ಬೇಡ ಎನ್ನಲು ನನಗೆ ಕಷ್ಟವಾಯಿತು. ಲೇಬಲ್ ಇಲ್ಲದ ಕೀಲುನೋವಿನ ಪುಡಿಗಳೂ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಸಲ್ಫಾಸಲಜೀನ್ ನಿಲ್ಲಿಸುವುದನ್ನು ರುಮಟಾಲಜಿಸ್ಟ್ ಮತ್ತು ಕಣ್ಣಿನ ಡಾಕ್ಟರ್ ಇಬ್ಬರನ್ನೂ ಕೇಳಿ ಮಾಡಿ. ಕಣ್ಣು ಮತ್ತೆ ಮತ್ತೆ ಕೆಂಪಾಗುವುದನ್ನು ಅದು ಕೆಲವರಲ್ಲಿ ಕಡಿಮೆ ಮಾಡುತ್ತದೆ. ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಹೆದರಬೇಡಿ. ರಕ್ತ, ಲಿವರ್ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಉರಿಯೂತ ತಗ್ಗಿಸುವ ಇನ್ನೊಂದು ಮಾತ್ರೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟರೆ ಅದು ವಾರಕ್ಕೆ ಒಂದೇ ದಿನ, ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇದ್ಯಾವುದಕ್ಕೂ ಬಗ್ಗದಿದ್ದರೆ ಅಡಲಿಮುಮ್ಯಾಬ್ ಇಂಜೆಕ್ಷನ್ ಇದೆ. ನಮ್ಮ ದೇಶದಲ್ಲೇ ತಯಾರಾಗಿದ್ದು 2014ರಿಂದ ಸಿಗುತ್ತಿದೆ. ಅದಕ್ಕೆ ಮೊದಲು ಟಿಬಿ ಪರೀಕ್ಷೆ ಕಡ್ಡಾಯ.

ಸ್ಟೀರಾಯ್ಡ್ ಡ್ರಾಪ್ಸ್ ಹಾಕುವಾಗ ಕಣ್ಣಿನ ಒತ್ತಡ ಅಳೆಸುತ್ತಿರಿ. ಕೆಲವರಿಗೆ ಅದು ಏರಿ, ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ ಆಗುತ್ತದೆ, ನೋವೇ ಗೊತ್ತಾಗುವುದಿಲ್ಲ. ಪ್ರೆಡ್ನಿಸಲೋನ್ ಬಾಟಲಿಯಲ್ಲಿ ಔಷಧಿ ತಳಕ್ಕೆ ಕೂತಿರುತ್ತದೆ, ಪ್ರತಿ ಸಲವೂ ಚೆನ್ನಾಗಿ ಕುಲುಕಿ ಹಾಕಿ. ಎರಡು ಬೇರೆ ಬೇರೆ ಡ್ರಾಪ್ಸ್ ಹಾಕುವುದಿದ್ದರೆ ನಡುವೆ 5 ನಿಮಿಷ ಬಿಡಿ.

ಕಣ್ಣು ಈಗಲೂ ಕೆಂಪಾಗಿದೆ ಎಂದಿದ್ದೀರಿ. ಹಾಗಿದ್ದರೆ ಇವತ್ತೇ ಹೋಗಿ. ಕೌಂಟರಿನಲ್ಲಿ "ಕಣ್ಣು ಕೆಂಪು" ಎಂದಷ್ಟೇ ಹೇಳಿದರೆ ಮುಂದಿನ ವಾರ ಬನ್ನಿ ಎನ್ನಬಹುದು. "ರಿಯಾಕ್ಟಿವ್ ಆರ್ತ್ರೈಟಿಸ್ ಇದೆ, ಯುವೈಟಿಸ್ ಅನುಮಾನ, ಬೆಳಕು ನೋಡಲು ಆಗುತ್ತಿಲ್ಲ" ಎಂದು ಹೇಳಿ. ಪಾಪೆ ಹಿಗ್ಗಿಸುತ್ತಾರೆ, ಬರುವಾಗ ಬೈಕ್ ಓಡಿಸಲು ಆಗುವುದಿಲ್ಲ. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.