ತಳ ಹಿಡಿಯಲಿ ಬಿಡಿ, ಜಂಬಲಾಯದ ಬಣ್ಣ ಅಲ್ಲೇ ಇರೋದು

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ. ಲೂಯಿಸಿಯಾನದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕೋಳಿ, ಸಾಸೇಜ್ ಹಾಕಿದ ಜಂಬಲಾಯ ಎಂಬ ಅಲ್ಲಿನ ಅನ್ನದ ಅಡುಗೆ ತಿಂದೆವು. ಕಂದು ಬಣ್ಣ, ಉದುರುದುರು ಅನ್ನ, ಹೊಗೆಯ ಘಮ. ನಾನೂ ಎರಡು ಸಲ ಮಾಡಿ ನೋಡಿದೆ. ಸೋನಾ ಮಸೂರಿ, ಟೊಮೆಟೊ, ಅಂಗಡಿಯ ಕೇಜನ್ ಮಸಾಲೆ ಎಲ್ಲ ಕುಕ್ಕರ್‌ಗೆ ಹಾಕಿ ಎರಡು ವಿಷಲ್ ಕೂಗಿಸಿದೆ. ಕೆಂಪಗೆ, ಮುದ್ದೆಮುದ್ದೆಯಾಯಿತು. ಮನೆಯವರು "ಟೊಮೆಟೊ ಬಾತ್ ಪರವಾಗಿಲ್ಲ" ಎಂದರು. ಎಲ್ಲಿ ತಪ್ಪಿದೆ?

ಉತ್ತರ: ಮನೆಯವರ ನಾಲಿಗೆ ಚುರುಕಾಗಿದೆ. ನೀವು ಮಾಡಿದ್ದು ಟೊಮೆಟೊ ಬಾತೇ!

ಜಂಬಲಾಯದಲ್ಲಿ ಎರಡು ಬಗೆ. ನ್ಯೂ ಆರ್ಲಿಯನ್ಸ್ ಪಟ್ಟಣದ ಕ್ರಿಯೋಲ್ ಜಂಬಲಾಯಕ್ಕೆ ಟೊಮೆಟೊ ಬೀಳುತ್ತದೆ, ಅದು ಕೆಂಪು. ಹಳ್ಳಿಗಾಡಿನ ಕೇಜನ್ ಜಂಬಲಾಯಕ್ಕೆ ಟೊಮೆಟೊ ಇಲ್ಲ, ಅದು ಕಂದು. ನೀವು ತಿಂದದ್ದು ಎರಡನೆಯದು. ಕೇಜನ್ನರು ಮೂಲತಃ ಕೆನಡಾದ ಅಕಾಡಿಯಾ ಪ್ರದೇಶದ ಫ್ರೆಂಚ್ ಮಾತಿನ ಜನ. ಬ್ರಿಟಿಷರು 1755ರಿಂದ ಅವರನ್ನು ಅಲ್ಲಿಂದ ಓಡಿಸಿದರು. ಅವರಲ್ಲಿ ಅನೇಕರು ಲೂಯಿಸಿಯಾನದ ಜವುಗು ನೆಲ, ಹುಲ್ಲುಗಾವಲುಗಳಲ್ಲಿ ಬಂದು ನೆಲೆಸಿದರು. 'ಅಕಾಡಿಯನ್' ಎಂಬುದೇ ಬಾಯಿಂದ ಬಾಯಿಗೆ ಸವೆದು 'ಕೇಜನ್' ಆಯಿತು.

ಕೇಜನ್ ಎಂದರೆ ಖಾರ ಅಂದುಕೊಂಡಿದ್ದೇವೆ, ಅಲ್ವಾ? ಇದಕ್ಕೆ ಅರ್ಧ ಕಾರಣ ಬಾಣಸಿಗ ಪಾಲ್ ಪ್ರುಡೋಮ್. ಅವರು 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಟೆಲ್ ತೆರೆದರು. ಮಸಾಲೆ ಮೆತ್ತಿ, ಕಪ್ಪಾಗುವಷ್ಟು ಬಿಸಿ ಬಾಣಲೆಯಲ್ಲಿ ಸುಟ್ಟ ಅವರ ರೆಡ್‌ಫಿಶ್ ಮೀನು ಅಮೆರಿಕದಲ್ಲೆಲ್ಲ ಹುಚ್ಚು ಹಿಡಿಸಿತು. ಆ ಮೇಲೆ ಕೇಜನ್ ಎಂದು ಬರೆದ ಡಬ್ಬಿಗಳು ಅಂಗಡಿ ತುಂಬಿದವು. ಮನೆಯ ಜಂಬಲಾಯಕ್ಕೆ ಆ ಡಬ್ಬಿ ಬೇಕಿಲ್ಲ. ಉಪ್ಪು, ಕಾಳುಮೆಣಸು, ಸ್ವಲ್ಪ ಖಾರದ ಪುಡಿ, ಅಷ್ಟೇ ಸಾಕು.

ಹಾಗಾದರೆ ಬಣ್ಣ, ರುಚಿ ಎಲ್ಲಿಂದ? ಪಾತ್ರೆಯ ತಳದಿಂದ. ನಮ್ಮಲ್ಲಿ ತಳ ಹಿಡಿಯಿತು ಎಂದರೆ ಬೈಗುಳ. ಜಂಬಲಾಯ ಮಾಡುವವರಿಗೆ ಅದೇ ಬಂಡವಾಳ. ಮಾಂಸದ ರಸ ತಳಕ್ಕೆ ಅಂಟಿ, ಒಣಗಿ, ಕಂದಾಗುತ್ತದೆ. ಆಮೇಲೆ ಈರುಳ್ಳಿ ಹಾಕಿದಾಗ ಅದು ಬಿಟ್ಟ ನೀರಿನಲ್ಲಿ ಈ ಕಂದು ಕರಗುತ್ತದೆ. ಕೆರೆದು ಕಲಸುತ್ತೀರಿ, ಮತ್ತೆ ಅಂಟುತ್ತದೆ, ಮತ್ತೆ ಕೆರೆಯುತ್ತೀರಿ. ಅಡುಗೆಯ ಕಷ್ಟವೆಲ್ಲ ಇಲ್ಲೇ. ಕುಕ್ಕರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿದರೆ ಹಬೆಯಲ್ಲಿ ಬೇಯುತ್ತದೆ ಹೊರತು ಕಂದಾಗುವುದಿಲ್ಲ. ನಾನ್‌ಸ್ಟಿಕ್ ಪಾತ್ರೆಯೂ ಬೇಡ. ತಳಕ್ಕೆ ಏನೂ ಅಂಟದಿದ್ದರೆ ಕೆರೆಯುವುದೇನನ್ನು? ದಪ್ಪ ತಳದ ಕಬ್ಬಿಣದ ಪಾತ್ರೆ ಇದ್ದರೆ ಅದೇ ಸರಿ.

ಆರು ಜನಕ್ಕೆ ಲೆಕ್ಕ ಹೇಳುತ್ತೇನೆ. ಮುಕ್ಕಾಲು ಕೆಜಿ ಮೂಳೆ ತೆಗೆದ ಕೋಳಿ ತೊಡೆ, 350 ಗ್ರಾಂ ಆಂಡೂಯಿ ಎಂಬ ಹೊಗೆ ಹಾಕಿದ ಸಾಸೇಜ್, ಅರ್ಧ ಕೆಜಿ ಈರುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಎರಡು ದಂಟು ಸೆಲರಿ, ಆರು ಎಸಳು ಬೆಳ್ಳುಳ್ಳಿ, ಎರಡು ಕಪ್ ಅಕ್ಕಿ. ಈರುಳ್ಳಿ, ದೊಣ್ಣೆ ಮೆಣಸು, ಸೆಲರಿ ಈ ಮೂರಕ್ಕೆ ಅಲ್ಲಿನವರು 'ಹೋಲಿ ಟ್ರಿನಿಟಿ' ಎನ್ನುತ್ತಾರೆ. ಕ್ರೈಸ್ತರ ತ್ರಿಮೂರ್ತಿಯ ಹೆಸರನ್ನೇ ತರಕಾರಿಗೆ ಇಟ್ಟಿದ್ದಾರೆ ನೋಡಿ.

ಮೊದಲು ಸಾಸೇಜ್ ಬಿಲ್ಲೆಗಳನ್ನು ಮೂರು ಚಮಚ ಎಣ್ಣೆಯಲ್ಲಿ ಹುರಿದು ತೆಗೆದಿಡಿ. ಕೋಳಿಯ ತೇವವನ್ನು ಬಟ್ಟೆಯಲ್ಲಿ ಒರೆಸಿ, ಎರಡು ಮೂರು ಕಂತಿನಲ್ಲಿ ಹಾಕಿ. ಒಟ್ಟಿಗೆ ತುಂಬಿದರೆ ನೀರು ಬಿಟ್ಟು ಬೆಂದುಬಿಡುತ್ತದೆ. ಹಾಕಿದ ಮೇಲೆ ಕೈ ಕಟ್ಟಿ ನಿಲ್ಲಿ, ಸುಮ್ನೆ ಮಗುಚುತ್ತಾ ಇರಬೇಡಿ. ಒಂದು ಬದಿ ಚೆನ್ನಾಗಿ ಕಂದಾದ ಮೇಲೆ ತಾನೇ ಬಿಡಿಸಿಕೊಳ್ಳುತ್ತದೆ. ಕೋಳಿಯನ್ನೂ ತೆಗೆದಿಟ್ಟು ಈರುಳ್ಳಿ ಹಾಕಿ. ಇದಕ್ಕೆ ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದಲ್ಲಿ ಆಗುತ್ತದೆ ಎನ್ನುವವರನ್ನು ನಂಬಬೇಡಿ. ತಳ ಜಾಸ್ತಿ ಅಂಟಿದಾಗಲೆಲ್ಲ ಎರಡು ಚಮಚ ನೀರು ಚಿಮುಕಿಸಿ ಕೆರೆಯಿರಿ. ಆದರೆ ಒಂದು ಎಚ್ಚರ. ಕಂದು ಬೇರೆ, ಕಪ್ಪು ಬೇರೆ. ಸೀದ ವಾಸನೆ ಬಂತೋ, ಆ ಕಹಿ ಅನ್ನದ ಅಗುಳು ಅಗುಳಿಗೂ ಇಳಿಯುತ್ತದೆ. ನಾನೊಮ್ಮೆ ಫೋನ್ ಎತ್ತಿಕೊಂಡು ಹೀಗೆ ಇಡೀ ಪಾತ್ರೆ ಚೆಲ್ಲಿದ್ದೇನೆ.

ಈರುಳ್ಳಿ ಬೆಲ್ಲದ ಬಣ್ಣಕ್ಕೆ ಬಂದ ಮೇಲೆ ಉಳಿದ ತರಕಾರಿ, ಬೆಳ್ಳುಳ್ಳಿ, ಒಂದಿಷ್ಟು ಥೈಮ್ ಸೊಪ್ಪು, ಎರಡು ಬೇ ಎಲೆ ಹಾಕಿ ಬಾಡಿಸಿ. ಮಾಂಸ ವಾಪಸ್ ಹಾಕಿ, ಮೂರೂವರೆ ಕಪ್ ನೀರು ಅಥವಾ ಕೋಳಿ ಬೇಯಿಸಿದ ರಸ ಸುರಿದು ಹತ್ತು ನಿಮಿಷ ಕುದಿಸಿ. ಈಗ ಎಸರಿನ ರುಚಿ ನೋಡಿ. ಉಪ್ಪು ಒಂದು ಕೈ ಮುಂದೆ ಇರಬೇಕು, ಅಕ್ಕಿ ಅದನ್ನು ಎಳೆದುಕೊಳ್ಳುತ್ತದೆ. ಪಲಾವ್ ಮಾಡುವ ನಮ್ಮವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಅಕ್ಕಿ ಹಾಕಿ, ಮತ್ತೆ ಕುದಿ ಬಂದಾಗ ಒಮ್ಮೆ ತಿರುಗಿಸಿ, ಮುಚ್ಚಿ, ಉರಿ ಪೂರ್ತಿ ಸಣ್ಣ ಮಾಡಿ. 25 ನಿಮಿಷ ಮುಚ್ಚಳ ತೆಗೆಯಬೇಡಿ. ನಿಮ್ಮ ಸಹೋದ್ಯೋಗಿಯನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕೈಯಾಡಿಸಿದರೆ ಅಗುಳು ಒಡೆದು ಗಂಜಿ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಆಮೇಲೆ ಚಪ್ಪಟೆ ಸೌಟಿನಿಂದ ತಳದಿಂದ ಮೇಲಕ್ಕೆ ಮೆಲ್ಲಗೆ ಮಗುಚಿ, ಹತ್ತು ನಿಮಿಷ ಹಾಗೇ ಬಿಟ್ಟು, ಈರುಳ್ಳಿ ಸೊಪ್ಪು ಉದುರಿಸಿ.

ಅಕ್ಕಿಯ ವಿಷಯ: ಅಲ್ಲಿನ ಅಂಗಡಿಯಲ್ಲಿ ಸಿಗುವ ಉದ್ದ ಕಾಳಿನ ಅಮೆರಿಕನ್ ಅಕ್ಕಿಯೇ ಇರಲಿ. ಲೂಯಿಸಿಯಾನ ಅಕ್ಕಿ ಬೆಳೆಯುವ ನಾಡು. ಸೋನಾ ಮಸೂರಿ ಮೆತ್ತಗಾಗುತ್ತದೆ. ಬಾಸುಮತಿ ಉದುರಾಗುತ್ತದೆ ನಿಜ, ಆದರೆ ಅದರ ಸುವಾಸನೆ ಹೊಗೆಯ ಘಮದ ಜೊತೆ ಜಗಳವಾಡುತ್ತದೆ.

ರಜೆ ಸಿಕ್ಕರೆ ಗೊಂಜಾಲೆಸ್ ಊರಿಗೆ ಹೋಗಿ ಬನ್ನಿ. ಬ್ಯಾಟನ್ ರೂಜ್ ಮತ್ತು ನ್ಯೂ ಆರ್ಲಿಯನ್ಸ್ ನಡುವೆ ಇದೆ. ಅಲ್ಲಿ ವರ್ಷಕ್ಕೊಮ್ಮೆ ಜಂಬಲಾಯ ಹಬ್ಬ ನಡೆಯುತ್ತದೆ. ದೊಡ್ಡ ಕಬ್ಬಿಣದ ಹಂಡೆ, ಕೆಳಗೆ ಸೌದೆ ಒಲೆ, ಕೈಯಲ್ಲಿ ದೋಣಿಯ ಹುಟ್ಟಿನಂಥ ಸೌಟು. ನಮ್ಮ ಮದುವೆ ಮನೆಯ ಹಿತ್ತಿಲು ನೆನಪಾಗದೆ ಇರದು.

ಪ್ರಶ್ನೆ: ಮೈಸೂರಿನಲ್ಲಿ ಆಂಡೂಯಿ ಎಲ್ಲಿಂದ ತರಲಿ? ನಾವು ಹಂದಿ ಮಾಂಸವನ್ನೂ ತಿನ್ನುವುದಿಲ್ಲ. ಥೈಮ್, ಸೆಲರಿ ಕೂಡ ಯಾವಾಗಲೂ ಸಿಗುವುದಿಲ್ಲ.

ಉತ್ತರ: ಆಂಡೂಯಿ ಎಂದರೆ ಚೆನ್ನಾಗಿ ಹೊಗೆ ಹಾಕಿದ ಹಂದಿ ಸಾಸೇಜ್. ಇಲ್ಲಿ ಅದರ ಮುಖ್ಯ ಕೆಲಸ ಹೊಗೆಯ ರುಚಿ ಕೊಡುವುದು. ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಹೊಗೆ ಹಾಕಿದ ಚಿಕನ್ ಸಾಸೇಜ್ ಸಿಕ್ಕರೆ ಸಾಕು. ಅದೂ ಇಲ್ಲವಾದರೆ ಹುರಿದ ಕೋಳಿಯ ಮಧ್ಯೆ ಪುಟ್ಟ ಬಟ್ಟಲಿಟ್ಟು, ಅದರಲ್ಲಿ ಕೆಂಡ ಇಟ್ಟು, ಎಣ್ಣೆ ಬಿಟ್ಟು ಐದು ನಿಮಿಷ ಮುಚ್ಚಿಡಿ. ತುಪ್ಪ ಬೇಡ, ಬಿರಿಯಾನಿ ವಾಸನೆ ಬಂದುಬಿಡುತ್ತದೆ. ಥೈಮ್ ಬದಲು ಒಂದೇ ಒಂದು ಚಿಟಿಕೆ ಓಮ ಹಾಕಿ. ಎರಡಕ್ಕೂ ಆ ವಾಸನೆ ಕೊಡುವುದು ಥೈಮಾಲ್ ಎಂಬ ಒಂದೇ ಅಂಶ. ಬೇ ಎಲೆ ಇಲ್ಲವೆಂದು ಪಲಾವ್ ಎಲೆ ಹಾಕಬೇಡಿ. ಅದು ದಾಲ್ಚಿನ್ನಿಯ ಬಳಗದ್ದು, ವಾಸನೆಯೇ ಬೇರೆ. ಸೆಲರಿ ಇಲ್ಲದಿದ್ದರೆ ಇಲ್ಲ, ಬಿಡಿ.

ಪ್ರಶ್ನೆ: ಗಂಬೊ, ಜಂಬಲಾಯ ಎರಡೂ ಒಂದೇನಾ?

ಉತ್ತರ: ಅಲ್ಲ. ಜಂಬಲಾಯದಲ್ಲಿ ಅಕ್ಕಿ ಮಾಂಸದ ಜೊತೆಯೇ ಬೇಯುತ್ತದೆ. ಗಂಬೊ ಸಾರಿನಂತೆ. ಅನ್ನ ಬೇರೆ ಮಾಡಿ ಅದರ ಮೇಲೆ ಬಡಿಸುತ್ತಾರೆ. ಗಂಬೊ ಎಂಬ ಹೆಸರು ಬಂದದ್ದು ಆಫ್ರಿಕಾದ ಭಾಷೆಯಲ್ಲಿ ಬೆಂಡೆಕಾಯಿಗೆ ಇರುವ ಪದದಿಂದ. ನಾವು ಹುರಿದು ಓಡಿಸುವ ಬೆಂಡೆಯ ಲೋಳೆಯಿಂದಲೇ ಅವರು ಎಷ್ಟೋ ಸಲ ಆ ಸಾರನ್ನು ಗಟ್ಟಿ ಮಾಡುತ್ತಾರೆ.